ಎದುರು ಬೆಂಕಿ

ಹಸಿ ನೇರಳೆ ಸೊಪ್ಪು ಬೆಂಕಿಯಲ್ಲಿ ಬೆಂದಾಗ ಬರುವ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಒಗರಿನ ಜೊತೆ ಸ್ವಲ್ಪ ಸಿಹಿ, ಮೂಗಿನ ತುದಿಗೆ ಚುರುಕ್ಕೆನ್ನುವ ಘಾಟು. ಬೇಸಿಗೆಯಲ್ಲಿ ಅಪ್ಪಯ್ಯ ಆ ವಾಸನೆಯನ್ನು ಮೈತುಂಬ ಹೊತ್ತು ಮನೆಗೆ ಬರುತ್ತಿದ್ದರು. ಗುಡ್ಡಕ್ಕೆ ಬೆಂಕಿ ಬಿದ್ದಿದೆ ಎಂದು ಯಾರಾದರೂ ಕೂ ಹಾಕಿದರೆ ಊರಿಗೆ ಊರೇ ಸೊಪ್ಪು ಮುರಿದುಕೊಂಡು ಬಡಿಯಲು ಓಡುತ್ತಿತ್ತು. ಬಡಿದರೂ ಆರದಿದ್ದರೆ ಎದುರು ಬೆಂಕಿ. ಬೆಂಕಿ ಮೇಲಿನಿಂದ ಇಳಿದು ಬರುತ್ತಿದ್ದರೆ, ಕೆಳಗೆ ಗೀಟು ಎಳೆದ ಹಾಗೆ ಉದ್ದಕ್ಕೆ ನೆಲ ಗುಡಿಸಿ, ಅದರ ಮೇಲಂಚಿನ ಒಣ ಎಲೆಗೆ ತಾವೇ ಕಡ್ಡಿ ಗೀರುವುದು. ದೊಡ್ಡ ಬೆಂಕಿ ಬಂದಾಗ ಅಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು. ನಮ್ಮ ಕಡೆ ಇದು ಶಾಲೆಗೆ ಹೋಗದ ಮಕ್ಕಳಿಗೂ ತಿಳಿದಿತ್ತು.

ಈ ವರ್ಷ ಬಿಸಿಲು ಬೇಗ ಬಂತು. ಮಾರ್ಚ್ ಮುಗಿಯುವ ಮೊದಲೇ ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ಕಡೆ ಗುಡ್ಡಗಳು ಹೊಗೆಯಾಡತೊಡಗಿದವು. ಒಣಹಾಕಿದ ಸೀರೆಗೂ ಹೊಗೆ, ಕುಡಿಯುವ ಹಾಲಿಗೂ ಹೊಗೆ. ನೇರಲಗುಡ್ಡೆಯ ಕೆಳಗೆ ಒಂದು ಕೇರಿಯಿದೆ. ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ಎಲ್ಲವೂ ಶೀಟಿನ ಮಾಡು. ಹಗಲು ಒಳಗೆ ಕೂತರೆ ತಲೆಸುತ್ತು ಬರುತ್ತದೆ. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹಲಸಿನ ಮರದ ಬುಡದಲ್ಲಿ ಮಲಗಿಸಿ, ಹಳ್ಳದಲ್ಲಿ ತೋಡಿದ ಗುಂಡಿಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆಯುತ್ತಿದ್ದರು. ನೀರು ಊರುವವರೆಗೆ ಕಾದು ಇನ್ನೊಂದು ಚಿಪ್ಪು.

ಅದೇ ಗುಡ್ಡದ ನೆತ್ತಿಯಲ್ಲಿ ಮಧುಸೂದನನ ಹೋಂಸ್ಟೇ ಇದೆ. ಅಲ್ಲೊಂದು ಈಜುಕೊಳವೂ ಇದೆ.

ಕೇರಿಯ ಕೆರಿಯಮ್ಮ ನಾಲ್ಕನೇ ಕ್ಲಾಸಿನವರೆಗೆ ನನ್ನ ಹತ್ತಿರ ಓದಿದವಳು. ಅವಳ ಗಂಡ ಜಟ್ಟಿಂಗಪ್ಪ ಬೇಸಿಗೆ ಬಂದರೆ ಅರಣ್ಯ ಇಲಾಖೆಗೆ ದಿನಗೂಲಿಯ ಮೇಲೆ ಬೆಂಕಿ ಕಾಯುತ್ತಾನೆ. ಕೈಯಲ್ಲಿ ಕತ್ತಿ, ಹೆಗಲಿಗೆ ನೀರಿನ ಬಾಟಲಿ, ಕಾಲಿಗೆ ಹವಾಯಿ ಚಪ್ಪಲಿ. ಮಳೆ ಬಂದ ಮೇಲೆ ಇಲಾಖೆಗೆ ಅವನ ಹೆಸರು ಮರೆತುಹೋಗುತ್ತದೆ.

ಬೆಂಕಿ ಬಿದ್ದದ್ದು ಮಂಗಳವಾರ ಮಧ್ಯಾಹ್ನ. ಹೋಂಸ್ಟೇಯ ಬೇಲಿಯ ಕೆಳಗಿನಿಂದ ಮೊದಲು ಹೊಗೆ ಎದ್ದದ್ದನ್ನು ನಾನು ನನ್ನ ಮನೆಯ ಜಗಲಿಯಿಂದಲೇ ನೋಡಿದೆ. ಗಾಳಿ ಜೋರಾಗಿತ್ತು. ಅಕೇಶಿಯಾ ಎಲೆ ಸೀಮೆಎಣ್ಣೆ ಕುಡಿದ ಹಾಗೆ ಉರಿಯಿತು. ಬೆಂಕಿ ನೇರ ಕೇರಿಯ ಕಡೆ ಇಳಿಯತೊಡಗಿತು. ನಾನು ಬಾವಿಯ ಹತ್ತಿರ ನಿಂತು ಕೊಡಗಳಿಗೆ ನೀರು ತುಂಬಿಸಿದೆ. ನನ್ನ ಕಾಲಿಗೆ ಅಷ್ಟೇ ಸಾಧ್ಯವಿತ್ತು. ಗುಡ್ಡದಲ್ಲಿ ನಡೆದದ್ದನ್ನು ಕೆರಿಯಮ್ಮ ಆಮೇಲೆ ಹೇಳಿದಳು.

ಗಾರ್ಡ್ ಪೂರ್ಣೇಶ್ ಬೈಕಿನಲ್ಲಿ ಬಂದಿದ್ದರು. ಬಯಲುಸೀಮೆಯವರು, ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಗುಡ್ಡದ ಬೆಂಕಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಮೊದಲು.

"ಏನ್ ಮಾಡೋದು ಜಟ್ಟಿಂಗಣ್ಣ?"

"ಬಡಿದ್ರೆ ಆರಲ್ಲ ಸಾರ್. ಎದುರು ಕೊಡ್ಬೇಕು. ಆದ್ರೆ ನನ್ನಷ್ಟಕ್ಕೆ ಗೀರಿದ್ರೆ ಕೇಸು. ನೀವು ಹೂಂ ಅಂದ್ರೆ ಕೆಲಸ."

"ಹೂಂ. ಕೊಡಣ್ಣ, ಬೇಗ."

ಹೆಂಗಸರು ಸಾಲಾಗಿ ನಿಂತು ಗೀಟು ಗುಡಿಸಿದರು. ಜಟ್ಟಿಂಗಪ್ಪ ಬಗ್ಗಿ ಬಗ್ಗಿ ಕಡ್ಡಿ ಗೀರುತ್ತಾ ಹೋದ. ಎರಡು ಬೆಂಕಿಗಳು ಒಂದನ್ನೊಂದು ಕೂಡಿ, ಎದ್ದು, ಕುಸಿದು ಬಿದ್ದವು. ಕೇರಿ ಉಳಿಯಿತು. ಜಟ್ಟಿಂಗಪ್ಪನ ಹುಬ್ಬು, ರೆಪ್ಪೆ ಸುಟ್ಟುಹೋದವು. ರಾತ್ರಿಯೆಲ್ಲ ಕೆಮ್ಮಿದ.

ಮರುದಿನ ಬೆಳಿಗ್ಗೆ ಅವನ ತಮ್ಮನ ಮಗಳು ಸ್ವಪ್ನಾ ಫೋನು ಹಿಡಿದುಕೊಂಡು ಬಂದಳು. ಅವಳು ಹೋಂಸ್ಟೇಯಲ್ಲಿ ಕೋಣೆ ಗುಡಿಸುವವಳು. ಮೇಲಿನಿಂದ ಯಾರೋ ಗೆಸ್ಟು ತೆಗೆದ ವಿಡಿಯೊ. ಅದರಲ್ಲಿ ಹೊಗೆಯ ನಡುವೆ ಒಬ್ಬ ಬಗ್ಗುತ್ತಾನೆ, ಕಡ್ಡಿ ಗೀರುತ್ತಾನೆ, ಎಲೆ ಹತ್ತಿಕೊಳ್ಳುತ್ತದೆ. ಅಷ್ಟೇ. ಮೇಲಿನ ಬೆಂಕಿಯೂ ಇಲ್ಲ, ಕೆಳಗಿನ ಕೇರಿಯೂ ಇಲ್ಲ. 'ಕಾಡಿಗೆ ಬೆಂಕಿ ಇಟ್ಟ ಕಿಡಿಗೇಡಿ, ಎಲ್ಲರಿಗೂ ಶೇರ್ ಮಾಡಿ' ಎಂದು ಬರೆದಿದ್ದರು.

"ದೊಡ್ಡಪ್ಪ ಫೇಮಸ್ ಆದ್ರು," ಎಂದು ಸ್ವಪ್ನಾ ನಗಲು ನೋಡಿದಳು. ಆಗಲಿಲ್ಲ.

ಅರಣ್ಯ ಇಲಾಖೆಯ ಜೀಪು ಬಂದು ಜಟ್ಟಿಂಗಪ್ಪನನ್ನು ಕರೆದುಕೊಂಡು ಹೋಯಿತು. ಮಧ್ಯಾಹ್ನ ಕೋರ್ಟಿಗೆ, ಅಲ್ಲಿಂದ ಜೈಲಿಗೆ ಕಳಿಸುತ್ತಾರೆ ಎಂದು ಸುದ್ದಿ ಬಂತು.

ಕೆರಿಯಮ್ಮ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ.

"ಟೀಚ್ರಮ್ಮ, ಒಂದ್ಸಲ ಆಫೀಸಿಗೆ ಬನ್ನಿ. ನಿಮ್ಮನ್ನ ಕಂಡ್ರೆ ಕುರ್ಚಿ ಕೊಡ್ತಾರೆ. ಕುರ್ಚೀಲಿ ಕೂತು ಹೇಳಿದ್ ಮಾತು ಅವ್ರಿಗೆ ಕೇಳ್ತದೆ."

ಗೋಪಾಲಪ್ಪನ ಆಟೋದಲ್ಲಿ ಹೋದೆವು. ಕೇರಿಯ ಉಳಿದ ಹೆಂಗಸರು ಬಸ್ಸಿನಲ್ಲಿ ಬಂದರು. ಪೇಟೆಯ ಅರಣ್ಯ ಕಚೇರಿಯ ಮುಂದೆ ನೆರಳು ಎಂಬುದಿಲ್ಲ. ಗೋಪಾಲಪ್ಪ ಏನೂ ಹೇಳದೆ ಆಟೋವನ್ನು ಅಡ್ಡ ತಿರುಗಿಸಿ ನಿಲ್ಲಿಸಿದ. ಅದರ ನೆರಳಲ್ಲಿ ಕೂಸುಗಳಿದ್ದ ಹೆಂಗಸರು ಕೂತರು. ಆ ಹೊತ್ತಿನಲ್ಲಿ ಅವನಿಗೆ ಎರಡು ಬಾಡಿಗೆ ತಪ್ಪಿದವು.

ನನಗೆ ಕುರ್ಚಿ ಬಂತು. ಕೆರಿಯಮ್ಮ ಗೋಡೆಗೆ ಒರಗಿ ನಿಂತಳು. ಬುತ್ತಿಯನ್ನು ಒಳಗಿದ್ದ ಗಂಡನಿಗೆ ಕೊಡಲು ಬಿಡಲಿಲ್ಲ. ಕಚೇರಿ ಗುಡಿಸುವ ಹೆಂಗಸು ಅದನ್ನು ನೋಡಿದಳು. ಹಿಂದಿನ ಕೋಣೆಯ ಬಾಗಿಲನ್ನು ಪೊರಕೆ ಸಿಕ್ಕಿಸಿ ತುಸು ತೆರೆದಿಟ್ಟು ಹೋದಳು. ಅಲ್ಲಿಂದ ಜಟ್ಟಿಂಗಪ್ಪ ಕೆಮ್ಮುವುದು ಕೇಳಿಸತೊಡಗಿತು. ಕೆರಿಯಮ್ಮನ ಬಿಗಿದಿದ್ದ ಹೆಗಲು ಸ್ವಲ್ಪ ಸಡಿಲವಾಯಿತು.

ರೇಂಜರ್ ಸಾಹೇಬರ ಎದುರಿಗೆ ಮಧುಸೂದನ ಮೊದಲೇ ಕೂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಮುಂದೆ ಮಜ್ಜಿಗೆ ಲೋಟ.

ನಾನು ಕಂಡದ್ದನ್ನು ಹೇಳಿದೆ. ಬೆಂಕಿ ಮೊದಲು ಎದ್ದದ್ದು ಮೇಲಿನಿಂದ, ಹೋಂಸ್ಟೇಯ ಬೇಲಿಯಿಂದ ಎಂದೆ.

"ಮೇಡಂ, ನೀವು ಹಿರಿಯರು. ಸುಳ್ಳು ಹೇಳ್ತೀರಿ ಅಂತ ನಾನು ಹೇಳಲ್ಲ," ಎಂದರು ಸಾಹೇಬರು. "ಆದರೆ ಅಷ್ಟು ದೂರದಿಂದ, ಅಷ್ಟು ಹೊಗೆಯಲ್ಲಿ... ಇದು ನೋಡಿ, ವಿಡಿಯೊದಲ್ಲಿ ಎಷ್ಟು ಕ್ಲಿಯರ್ ಆಗಿದೆ."

"ಮೇಲೆ ಯಾರು ಹಚ್ಚಿದರು ಅಂತ ವಿಚಾರಿಸಿದ್ದೀರಾ?"

"ವಿಚಾರಣೆ ನಡೀತಿದೆ."

ಮಧುಸೂದನ ಕೆರಿಯಮ್ಮನ ಕಡೆ ತಿರುಗಿದ. ಅವನ ದನಿ ಮೆತ್ತಗಿತ್ತು.

"ನಿನ್ನ ಗಂಡನ್ನ ನಾನು ಹಿಡಿಸಿದ್ದಲ್ಲ ಮಾರಾಯ್ತಿ. ಒಂದು ಮಾತು ಕೇಳು. ಕೈ ತಪ್ಪಿ ಆಯ್ತು ಅಂತ ಒಪ್ಕೊಳ್ಳಲಿ. ವಕೀಲರನ್ನ ನಾನೇ ಇಡ್ತೀನಿ. ಹದಿನೈದು ದಿನದಲ್ಲಿ ಮನೇಲಿರ್ತಾನೆ."

"ಸೋಮವಾರ ರಾತ್ರಿ ನಿಮ್ಮ ಗೆಸ್ಟುಗಳು ಹಾಕಿದ್ ಕ್ಯಾಂಪ್‌ಫೈರು ಯಾರ ಕೈ ತಪ್ಪಿದ್ದು?" ಎಂದಳು ಕೆರಿಯಮ್ಮ.

"ಅದನ್ನ ರಾತ್ರಿಯೇ ಆರಿಸಿದ್ರು."

"ಇಂಥಾ ಸೆಕೇಲಿ ಬೆಂಕಿ ಕಾಯ್ಸಕ್ಕೆ ದುಡ್ಡು ಕೊಟ್ಟು ಬರ್ತಾರಲ್ಲ ಒಡೇರೆ, ಅವ್ರನ್ನ ಮೊದ್ಲು ಡಾಕ್ಟ್ರಿಗೆ ತೋರ್ಸಿ."

ಬಾಗಿಲಲ್ಲಿದ್ದ ಹೆಂಗಸರು ನಕ್ಕರು. ಸಾಹೇಬರು ಮೇಜು ತಟ್ಟಿದರು.

ಆಗ ಸ್ವಪ್ನಾ ಮುಂದೆ ಬಂದಳು. ಮಧುಸೂದನನ ಮುಖ ನೋಡದೆ, ನೆಲ ನೋಡಿಕೊಂಡು ಹೇಳಿದಳು. "ಆರಿಸಿರ್ಲಿಲ್ಲ ಸಾರ್. ನಾನು ನೀರು ಹಾಕಕ್ಕೆ ಹೋಗಿದ್ದೆ. ಕೊಳಕ್ಕೇ ನೀರು ಸಾಲಲ್ಲ, ಮಣ್ಣು ಎಳಿ ಸಾಕು ಅಂದ್ರು ಒಡೇರು. ಬೆಳಿಗ್ಗೇನೂ ಬೂದಿ ಬೆಚ್ಚಗಿತ್ತು."

"ನಾಳೆಯಿಂದ ಕೆಲಸಕ್ಕೆ ಬರ್ಬೇಡ," ಎಂದ ಮಧುಸೂದನ.

"ಬರಲ್ಲ," ಎಂದಳು ಸ್ವಪ್ನಾ.

"ಇವಳು ಆರೋಪಿಯ ಸಂಬಂಧಿ," ಎಂದರು ಸಾಹೇಬರು. "ಹೊರಗೆ ನಡೀರಿ ಎಲ್ಲರೂ."

ಪೂರ್ಣೇಶ್ ಬಾಗಿಲ ಬದಿಯಲ್ಲಿ ನಿಂತಿದ್ದರು. ನಾವು ದಾಟುವಾಗ ಕೆರಿಯಮ್ಮ ಅವರ ಮುಂದೆ ನಿಂತಳು.

"ಪೂರ್ಣೇಶಣ್ಣ, ನೀವು ಹೂಂ ಅಂದಿದ್ರಲ್ಲ."

ಅವರು ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

"ನಾನು ಅಲ್ಲೇ ಇದ್ದೆ. ನನ್ನ ಕಿವಿ ಚೆನ್ನಾಗಿದೆ," ಎಂದಳು ಕೆರಿಯಮ್ಮ. ಬೈಯಲಿಲ್ಲ.

ಸ್ವಲ್ಪ ಹೊತ್ತಿಗೆ ಜಟ್ಟಿಂಗಪ್ಪನನ್ನು ಹೊರಗೆ ತಂದರು. ಹುಬ್ಬಿಲ್ಲದ ಮುಖ ಯಾರದೋ ಮುಖದ ಹಾಗಿತ್ತು. ಕೆಮ್ಮು ಬಂದಾಗ ಜೀಪಿನ ಬಾಗಿಲು ಹಿಡಿದು ನಿಂತ. ಕೆರಿಯಮ್ಮ ಬುತ್ತಿ ಚಾಚಿದಳು. ನಡುವೆ ಜೀಪಿನ ಡ್ರೈವರನ ಕೈ ಬಂತು. "ಅಲ್ಲಿ ಊಟ ಕೊಡ್ತಾರೆ, ಪಕ್ಕಕ್ಕೆ ಸರಿ."

ಆಮೇಲೆ ನಡೆದದ್ದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಸ್ವಪ್ನಾ ಜೀಪಿನ ಹಿಂಬದಿಗೆ ಹತ್ತಿ ದೊಡ್ಡಪ್ಪನ ಪಕ್ಕ ಕೂತುಬಿಟ್ಟಳು.

"ಇಳಿ ಕೆಳಗೆ," ಎಂದ ಡ್ರೈವರ್.

"ಗೀಟು ಗುಡಿಸಿದ್ದು ನಾನು. ನನ್ನೂ ಕರ್ಕಂಡು ಹೋಗಿ."

ಇನ್ನೊಬ್ಬಳು ಹತ್ತಿದಳು. "ನಾನೂ ಗುಡಿಸಿದ್ದೆ."

"ಕಡ್ಡಿಪೆಟ್ಟಿಗೆ ನಂದು," ಎಂದಳು ಮತ್ತೊಬ್ಬಳು, ಕೂಸನ್ನು ಮೊದಲು ಜೀಪಿನೊಳಗೆ ದಾಟಿಸುತ್ತ. "ಒಲೆ ಮೇಲಿಂದ ತಂದು ಕೊಟ್ಟಿದ್ದೆ. ಬರ್ಕಳಿ ನನ್ನ ಹೆಸರು."

ಜಾಗ ಸಾಲದೆ ಉಳಿದವರು ಜೀಪಿನ ಮುಂದೆ ಕಾದ ಟಾರಿನ ಮೇಲೆ ಕೂತರು. ಕೆರಿಯಮ್ಮ ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು. "ಡ್ಯಾಮಿನ ನೀರು ಬಂದಾಗ ನಮ್ಮ ಅಪ್ಪ ಅಮ್ಮ ಎದ್ದು ಬಂದ್ರು," ಎಂದಳು. "ನಾವು ಏಳಲ್ಲ." ನಾನೂ ಅವಳ ಪಕ್ಕದಲ್ಲಿ ಕೂತೆ.

ರೇಂಜರ್ ಸಾಹೇಬರು ಮೆಟ್ಟಿಲಿಗೆ ಬಂದರು. "ಪೂರ್ಣೇಶ್, ಇವರನ್ನ ಎಳೆದು ಬದಿಗೆ ಹಾಕು."

ಪೂರ್ಣೇಶ್ ಇಳಿದು ಬಂದರು. ಜೀಪಿನ ಹತ್ತಿರ ನಿಂತು ಜಟ್ಟಿಂಗಪ್ಪನನ್ನು ನೋಡಿದರು. ಜಟ್ಟಿಂಗಪ್ಪ, "ಪರ್ವಾಗಿಲ್ಲ ಸಾರ್. ನಿಮ್ಮನೇಲಿ ಬಸುರಿ ಹೆಂಡ್ತಿ ಇದಾರೆ," ಎಂದ.

ಪೂರ್ಣೇಶ್ ತಿರುಗಿದರು.

"ಸಾರ್, ಹಚ್ಚೋಕೆ ಹೇಳಿದ್ದು ನಾನು."

"ಏನಂದೆ?"

"ಎದುರು ಬೆಂಕಿ ಕೊಡು ಅಂತ ನಾನೇ ಹೇಳಿದ್ದು. ಇಲ್ಲಾಂದ್ರೆ ಕೇರಿ ಉಳೀತಿರ್ಲಿಲ್ಲ. ನಿನ್ನೆ ಸಂಜೇನೇ ನಿಮಗೆ ಹೇಳಿದ್ದೆ ಸಾರ್."

ರಸ್ತೆಯಲ್ಲಿ ಹೋಗುವವರು ನಿಂತರು. ಗೋಪಾಲಪ್ಪ ಫೋನು ಎತ್ತಿ ಹಿಡಿದ. ಮಧುಸೂದನ ಒಳಗೇ ಉಳಿದ.

"ನಿನಗೆ ಬಿಸಿಲು ನೆತ್ತಿಗೇರಿದೆ," ಎಂದರು ಸಾಹೇಬರು. "ಬೈಕಿನ ಕೀ ಕೊಡು. ಆ ಯೂನಿಫಾರಂ ಬಿಚ್ಚಿಟ್ಟು ಮನೆಗೆ ಹೋಗು. ಆರ್ಡರ್ ಬರುತ್ತೆ."

ಪೊಲೀಸರು ಬಂದರು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಇಳಿಸಿದರು. ಸ್ವಪ್ನಾಳ ತೋಳು ತರಚಿತು. ಒಬ್ಬ ಮಹಿಳಾ ಪೇದೆ ಮಾತ್ರ ಕೂಸನ್ನು ಎದೆಗವಚಿಕೊಂಡು ನಿಧಾನಕ್ಕೆ ತಾಯಿಯ ಕೈಗೆ ಕೊಟ್ಟಳು. ಜೀಪು ಹೋಯಿತು. ಪೂರ್ಣೇಶ್ ಹೇಳಿದ ಮಾತನ್ನು ಅಷ್ಟು ಜನ ಕೇಳಿದ್ದರು. ಆದರೂ ಜೀಪಿನೊಳಗೆ ಹೋದದ್ದು ಜಟ್ಟಿಂಗಪ್ಪನೇ.

"ಕೋರ್ಟಿಗೆ ಹೋಗಾನ," ಎಂದಳು ಕೆರಿಯಮ್ಮ. "ಎಲ್ಲರೂ ಹೋಗಾನ. ಜಡ್ಜ್ ಮುಂದೂ ಇದನ್ನೇ ಹೇಳದು."

ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಗೋಪಾಲಪ್ಪ ತನ್ನ ಸ್ಟ್ಯಾಂಡಿನ ಇನ್ನಿಬ್ಬರು ಆಟೋದವರಿಗೆ ಫೋನು ಮಾಡುತ್ತಿದ್ದ.

ಪೂರ್ಣೇಶ್ ಖಾಕಿ ಅಂಗಿ ಮಡಚಿ ಒಳಗೆ ಕೊಟ್ಟು ಬನಿಯನ್ನಿನಲ್ಲಿ ಹೊರಗೆ ಬಂದರು. ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ ಕೆಳಗಿನ ಮೆಟ್ಟಿಲ ಮೇಲೆ ಕೂತರು.

ಕೆರಿಯಮ್ಮ ಅವರ ಹತ್ತಿರ ಹೋದಳು. ಬುತ್ತಿಯ ದಾರ ಬಿಚ್ಚಿದಳು. ಎರಡು ಅಕ್ಕಿರೊಟ್ಟಿ, ಒಂದಿಷ್ಟು ಹಸಿಮೆಣಸಿನ ಚಟ್ನಿ. ಬಾಳೆಲೆಯನ್ನು ಅವರ ಎರಡೂ ಕೈಗಳ ಮೇಲಿಟ್ಟಳು.