ಬೀಗರ ಮನೆಯ ಪಂಪು

ಸಾಫ್ಟ್‌ವೇರಿನವರು ಸೊಪ್ಪು ಕೊಂಡಷ್ಟು ಸಲೀಸಾಗಿ ಪ್ಲಾಟು ಕೊಂಡು ಮರೆತುಬಿಡುತ್ತಿದ್ದ ಆ ವರ್ಷಗಳಲ್ಲಿ, ಯಾದಗಿರಿ ಕಡೆಯ ದ್ಯಾವಪ್ಪ ಹೈದರಾಬಾದಿನ ಪಟಾನ್‌ಚೆರುವಿನಲ್ಲಿ ಅಂಥದೊಂದು ಪ್ಲಾಟು ಕಾಯುತ್ತ ಅದರ ತುಂಬ ಬದನೆ ಹಚ್ಚಿದ್ದ. ಒಂದೊಂದು ಕಾಯಿ ಹಸುಗೂಸಿನ ತಲೆಯಷ್ಟು. ನಂಬದವರು ಬಂದು ತೂಗಿ ನೋಡಲಿ. ಅಂಥ ಬದನೆಗೆ ಹುಳ ಬಿತ್ತು. ಎರಡು ದಿನದೊಳಗೆ ಬೇವಿನೆಣ್ಣೆ ಹೊಡೆಯದಿದ್ದರೆ ತೋಟ ಹೋದಂತೆಯೇ.

ಎಣ್ಣೆ ಹೊಡೆಯುವ ಅವನ ಪಂಪು ಮಾತ್ರ ಶಂಶಾಬಾದಿನಲ್ಲಿ, ಬೀಗ ಲಿಂಗಣ್ಣ ಮೇಸ್ತ್ರಿಯ ಮನೆಯಲ್ಲಿತ್ತು. ಹೊಸ ಗೋಡೆಗೆ ನೀರು ಹೊಡೆಯಲೆಂದು ನಾಲ್ಕು ದಿನಕ್ಕೆ ಒಯ್ದಿದ್ದ ಆ ಮೇಸ್ತ್ರಿ, ನಾಲ್ಕು ತಿಂಗಳಲ್ಲಿ ವಿಮಾನ ನಿಲ್ದಾಣದ ಸುತ್ತ ಎದ್ದ ಮನೆಗಳಿಗೆಲ್ಲ ಅದರಿಂದಲೇ ಸ್ನಾನ ಮಾಡಿಸಿದ್ದ.

"ಹೋಗಿ ಇಸ್ಕೊಂಡು ಬರ್ರಿ," ಎಂದಳು ಹೆಂಡತಿ ಸುಗಲಮ್ಮ.

"ಮಗಳನ್ನ ಕೊಟ್ಟ ಮನಿಯಾಗ ಸಾಮಾನ ಹೊಳ್ಳಿ ಕೇಳೋದೇನ? ಗುರುದೇವಿ ಅಲ್ಲಿ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

ಆದರೂ ಹೋದ. ಏಳು ಕಪ್ಪು ಚಹಾ ಕುಡಿದ. ಲೋಕದ ಸುದ್ದಿಯೆಲ್ಲ ಮುಗಿಯಿತು, ಪಂಪಿನ ಸುದ್ದಿ ಬರಲಿಲ್ಲ. ಅದು ಎದುರಿಗೇ ಮೊಳೆಗೆ ತೂಗುತ್ತ ಅವನನ್ನು ನೋಡುತ್ತಿತ್ತು. ಎಂಟನೆಯ ಕಪ್ಪಿಗೆ ದ್ಯಾವಪ್ಪನ ತಲೆ ಓಡಿತು.

"ಬೀಗರ, ನಿಮ್ಮ ಪಂಪ್ ಎರಡು ದಿನ ಕಡ ಕೊಡ್ತೀರೇನ್ರಿ?"

ಗುರುದೇವಿ ತಟ್ಟೆ ಹಿಡಿದಲ್ಲೇ ಅಪ್ಪನ ಕಡೆ ತಿರುಗಿದಳು. ಲಿಂಗಣ್ಣ ಮಾತ್ರ ಮೀಸೆ ತಿರುವಿದ.

"ಒಯ್ರಿ, ಅದಕ್ಕೇನು! ಹಿಡಿಕಿ ಜೋರ್ ಜಗ್ಗಬ್ಯಾಡ್ರಿ, ನಾಜೂಕ ಐತಿ. ಈ ಹೆಗಲಪಟ್ಟಿ ನೋಡ್ರಿ, ಎಂಥಾ ಹೊಲಿಗಿ! ಹೈದರಾಬಾದ್ ತುಂಬ ಹುಡುಕಿದ್ರೂ ಸಿಗಾಂಗಿಲ್ಲ."

ಪಟ್ಟಿಗೆ ಸುಗಲಮ್ಮ ಹೊಲಿದಿದ್ದದ್ದು ತನ್ನದೇ ಹಸಿರು ಸೀರೆಯ ಅಂಚು.

"ಹೊಲಿದೋರ ಕೈ ಭಾಳ ಗಟ್ಟಿ ಇರಬೇಕ್ರಿ," ಎಂದ ದ್ಯಾವಪ್ಪ. ಗುರುದೇವಿ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು.

"ನಾಡಿದ್ದು ಹೊಳ್ಳಿ ಬರಬೇಕ ನೋಡ್ರಿ!" ಎಂದ ಲಿಂಗಣ್ಣ.

"ತರ್ತೀನ್ರಿ."

ಎರಡು ದಿನ ಹೊಡೆದದ್ದೇ ಹೊಡೆದದ್ದು. ಉಳಿದ ಹುಳ ಗುಳೆ ಎದ್ದು ನೆಟ್ಟಗೆ ಬೀದರ್ ದಾಟಿದವು. ಮೂರನೆಯ ದಿನ ಬೆಳಿಗ್ಗೆ ದ್ಯಾವಪ್ಪ ಪಂಪು ತೊಳೆದು ಬೆನ್ನಿಗೇರಿಸಿ, ಬದನೆಕಾಯಿಯ ಚೀಲ ಹಿಡಿದ.

ಸುಗಲಮ್ಮ ಹಣೆ ಚಚ್ಚಿಕೊಂಡಳು. "ನಮ್ಮ ಪಂಪ್ ನಾವ ಕಡ ತಂದು, ನಾವ ಹೊಳ್ಳಿ ಕೊಡೋದೇನ್ರಿ?"

"ಮಾತು ಕೊಟ್ಟೀನಿ."

ಶಂಶಾಬಾದಿನಲ್ಲಿ ಬಾಗಿಲು ತೆರೆದವಳು ಗುರುದೇವಿ. ಮದುವೆಯಾಗಿ ವರ್ಷವಾದರೂ ಅಪ್ಪ ಈ ಹೊಸ್ತಿಲು ತುಳಿದದ್ದು ಎರಡೇ ಸಲ, ಅದೂ ಹಬ್ಬಕ್ಕೆ. ಈಗ ಒಂದೇ ವಾರದಲ್ಲಿ ಎರಡು ಸಲ. ಪಂಪನ್ನು ಇಳಿಸಿಕೊಂಡು, ಅವ್ವನ ಸೀರೆಯ ಅಂಚನ್ನು ಮೆಲ್ಲಗೆ ಸವರಿ, ಒಳಗಿದ್ದ ಮಾವನಿಗೂ ಕೇಳುವಂತೆ ಕೇಳಿದಳು:

"ಯಪ್ಪಾ, ಎಣ್ಣಿ ಮತ್ತ ಯಾವಾಗ ಹೊಡೀಬೇಕು?"

"ಹದಿನೈದು ದಿನಕ್ಕೊಮ್ಮೆ ಹೊಡೀಲೇಬೇಕವ್ವಾ," ಎಂದು ದ್ಯಾವಪ್ಪ ಚಪ್ಪಲಿ ಬಿಟ್ಟ.