ಆಶುರಖಾನೆಯ ಮುಂದಿನ ತಗ್ಗು

ತಾನು ಬರೆದ ಒಂದು ಸಾಲು ತಪ್ಪಿರಬಹುದೇ ಎಂಬ ಚಿಂತೆ ಸುಮೇಧಾಳಿಗೆ ಹತ್ತಿ ನಾಲ್ಕು ದಿನವಾಗಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡೈರಿಗೆ ಮಾತ್ರ ಹೇಳಿದ್ದಳು. ಡಿಗ್ರಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕಮಲಾಪುರದ ಕಡೆಯ ಹಳ್ಳಿಯೊಂದರಲ್ಲಿ ಪಂಚಾಯ್ತಿಗಾಗಿ ಖಾಲಿ ಜಾಗಗಳ ಸರ್ವೆ. ಊರ ತುದಿಯಲ್ಲಿ ಬೀಗ ಬಿದ್ದ ಸಣ್ಣ ಕಟ್ಟಡವೊಂದಿತ್ತು. ಯಾರದೆಂದು ಕೇಳಬೇಕಿತ್ತು. ಗುರುತಿಲ್ಲದವರನ್ನು ಮಾತಾಡಿಸಲು ಅವಳಿಗೆ ನಾಚಿಕೆ. "ಪಾಳು ಕಟ್ಟಡ, ವಾರಸುದಾರರಿಲ್ಲ. ಮುಂದೆ ಕಸದ ತಗ್ಗು" ಎಂದು ಬರೆದು ಟೆಂಪೊ ಹತ್ತಿದ್ದಳು.

ಈಗ ಅದೇ ಜಾಗದಲ್ಲಿ ಮಹಿಳಾ ಸಂಘಕ್ಕೆ ಶೆಡ್ ಕಟ್ಟುವುದೆಂದಾಗಿತ್ತು. ನಾಳೆ ಜೆಸಿಬಿ ಬರುವುದಿತ್ತು. ಸಂಘದ ಹೆಂಗಸರು ಬೇವಿನ ಗಿಡದ ಕೆಳಗೆ ಸೇರಿದ್ದರು. ಪಿಡಿಒ ಸಾಹೇಬರು ಸುಮೇಧಾಳನ್ನೂ ಕರೆಸಿದ್ದರು.

ಆಶಾ ಕಾರ್ಯಕರ್ತೆ ಮೆಹಬೂಬಿ ಎದ್ದು ನಿಂತಳು. "ಅದು ಆಶುರಖಾನಾ ಅದರಿ. ಮೊಹರಂದಾಗ ಪೀರಲ ದೇವರು ಕೂಡ್ತಿದ್ದವು."

"ಕೂಡ್ತಿದ್ದವು, ಖರೆ," ಅಂದಳು ಸಂಘದ ಅಧ್ಯಕ್ಷೆ ದುಂಡಮ್ಮ. "ನಿಮ್ಮವರು ಕಲಬುರಗಿಗಿ ಹೋಗಿ ಇಪ್ಪತ್ತು ವರ್ಷ ಆತು. ಈಗ ದೇವರೂ ಇಲ್ಲ, ದೀಪಾನೂ ಇಲ್ಲ. ನಾವು ಬಿಸಿಲಾಗ ಕೂಡೂದು ನಿನಗ ಕಾಣಂಗಿಲ್ಲೇನು?"

"ಶೆಡ್ ಬ್ಯಾಡ ಅಂದೆನೇನಕ್ಕಾ? ಸಾಲಿ ಹಿಂದ ಪಂಚಾಯ್ತಿದೇ ಜಾಗ ಅದ."

"ಅಲ್ಲಿ ನೀರು ನಿಲ್ತದ."

"ಮುರುಮ್ ಮಣ್ಣು ಹಾಕಿಸಿದ್ರ ನಿಲ್ಲಂಗಿಲ್ಲ. ಹೋಗ್ಲಿ, ನಿನ್ನ ಗಂಡನ ಹೆಸರು ಹೇಳು."

"ಗಂಡನ ಹೆಸರು ಹೇಳ್ತಾರೇನು, ಹುಚ್ಚಿ."

"ನಾನೇ ಹೇಳ್ತೀನಿ. ಹುಸೇನಪ್ಪ. ಅದು ಕಸದ ತಗ್ಗಲ್ಲ, ಅಲಾಯಿ ಕುಣಿ. ಹಬ್ಬದಾಗ ಬೆಂಕಿ ಹಾಕೂ ಕುಣಿ. ಮಗ ಹುಟ್ಟಲಿ ಅಂತ ನಿಮ್ಮತ್ತಿ ಅದಕ್ಕ ಐದು ವರ್ಷ ಕಟಗಿ ಹೊತ್ತಾಳ. ಅದನ್ನ ಮುಚ್ಚಿ ಬಂದು ಅವನ್ನ ಆ ಹೆಸರಿಲೆ ಹೆಂಗ ಕರೀತಿ?"

"ಅಕಿ ಎಂದ ಕರದಾಳ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ದುಂಡಮ್ಮ ನಗಲಿಲ್ಲ. "ನಮ್ಮತ್ತಿ ಸಾಯೂತನಕ ಅದರ ಮುಂದ ಚಪ್ಪಲಿ ಕೈಯಾಗ ಹಿಡದೇ ಹಾಯ್ತಿದ್ಲು," ಅಂದಳು. "ನನಗೂ ಮುಚ್ಚಲಾಕ ಮನಸ್ಸಾಗವಲ್ದು. ನಿಲ್ಲಸ್ರಿ ಸಾಹೇಬ್ರ. ಶೆಡ್ ಸಾಲಿ ಹಿಂದೇ ಆಗ್ಲಿ."

ಪಿಡಿಒ ಕಾಗದ ತಿರುವಿದರು. "ಬಾಯಿಮಾತಿಲೆ ಹೆಂಗ ನಿಲ್ಲಸ್ಲಿ? ಇದರಾಗ ವಾರಸುದಾರರಿಲ್ಲ ಅಂತ ಅದ. ಬರದವರೇ ತಪ್ಪು ಅಂದ್ರ ಮತ್ತ ವಿಚಾರಣಿ ಮಾಡಬಹುದು."

ಸುಮೇಧಾ ಆ ಕಾಗದದಲ್ಲಿದ್ದ ತನ್ನ ಸಾಲನ್ನು ನೋಡಿದಳು. ಹೆಂಗಸರಿಗೆ ನೆರಳು ಬೇಕಾದದ್ದೂ ಖರೆ, ಬೀಗ ಬಿದ್ದದ್ದೂ ಖರೆ. ಜಾಗ ಯಾರ ಹೆಸರಿಗಿದೆಯೋ ಅವಳಿಗೆ ಈಗಲೂ ತಿಳಿಯದು. ತಿಳಿಯದು ಎಂದಾದರೂ ಅಂದೇ ಬರೆಯಬಹುದಿತ್ತು.

ಓದುವ ಅಕ್ಕ ಅಣ್ಣಂದಿರೇ, ನಿಮ್ಮ ಊರಲ್ಲೂ ಜನ ಬಿಟ್ಟುಹೋದ ಆಶುರಖಾನೆಯೋ ಬಸದಿಯೋ ಇಗರ್ಜಿಯೋ ಇದ್ದೀತು. ಅದರ ಕಲ್ಲು ಕೀಳುವ ಮುಂಚೆ ಊರ ಹಿರಿಯರನ್ನು ಕೇಳಿ. ಊರು ಬಿಟ್ಟವರಿಗೆ ಒಂದು ಫೋನ್ ಮಾಡಿ. ತಿಳಿದದ್ದನ್ನು ಪಂಚಾಯ್ತಿಗೆ ಬರೆದುಕೊಡಿ. ತಪ್ಪಾಗಿದ್ದರೆ ನಾಲ್ಕು ದಿನ ತಡವಾಗಿಯಾದರೂ ಹೇಳಿ, ಸುಮೇಧಾ ಎದ್ದು ನಿಂತು ಹೇಳಿದ ಹಾಗೆ:

"ಸರ್, ಅದು ನಾನೇ ಬರದದ್ರೀ. ಯಾರನ್ನೂ ಕೇಳದೇ ಬರದೀನಿ."