ರೆಪ್ಪೆ ಹೊಡೆಯದ ಹೆಂಗಸು

ನೋಡ್ರಪ್ಪಾ, ಮನೆ ಕದಿಯೋ ಕಳ್ಳನ್ನ ನೋಡಿರ್ತೀರ, ಮನಸ್ಸು ಕದಿಯೋ ಹೀರೋನ ನೋಡಿರ್ತೀರ, ಹೆಂಗಸಿನ ಕಣ್ಣಿಂದ ರೆಪ್ಪೆ ಕದ್ದವನನ್ನ ನೋಡಿದ್ದೀರಾ, ಇಲ್ಲಿದ್ದಾನೆ, ನಾನೇ, ಎಂಟ್ರಿಗೆ ಶಿಳ್ಳೆ ಹೊಡೀರಿ — ಸ್ಕ್ರೀನಿನ ಮೇಲೆ ಆ ಹೆಂಗಸಿನ ಎಡಗಣ್ಣಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ, ಧೂಳೋ, ದೀಪದ ಹೊಳಪೋ, ಹೊಳಪೇ, ಬಿಡು, ಮುಂದಿನ ಫ್ರೇಮ್, ಅದೇ ಕಣ್ಣು, ಮುಂದಿನ ಫ್ರೇಮ್, ಅದೇ ಕಣ್ಣು, ಕೂತಿರುವುದು ಆಫೀಸಿನ ಸೀನಿಯರ್ ಅಕ್ಕನ ಕುರ್ಚಿ, ಅಕ್ಕನ ಎತ್ತರಕ್ಕೆ ಇಳಿಸಿದ್ದು, ನನ್ನ ಮೊಣಕಾಲು ಎದೆಗೆ ಬಂದಿದೆ, ಸರಿಮಾಡಿಕೊಳ್ಳಬಹುದು, ಕೈ ಹೋಗುತ್ತಿಲ್ಲ. ಹಳೇ ಕಪ್ಪು ಬಿಳುಪು ಸಿನಿಮಾ ತೊಳೆಯುವುದು ನಮ್ಮ ಕಸುಬು, ರೀಲನ್ನು ಕಂಪ್ಯೂಟರಿಗೆ ಏರಿಸಿ, ಒಂದೊಂದೇ ಫ್ರೇಮಿನಿಂದ ಧೂಳು, ಗೀರು, ಬೂಷ್ಟು ಒರೆಸುವುದು, ಮಷೀನ್ ಅರ್ಧ ಒರೆಸುತ್ತೆ, ಮಿಕ್ಕಿದ್ದು ನಾವು, ಮಷೀನಿಗೆ ಬುದ್ಧಿ ಅಷ್ಟೇ, ಯಾವುದು ಒಂದು ಕ್ಷಣ ಬಂದು ಮಾಯವಾಗುತ್ತೋ ಅದೆಲ್ಲ ಅದಕ್ಕೆ ಕೊಳೆ, ಕಣ್ಣಿನ ರೆಪ್ಪೆಯೂ ಕೊಳೆಯೇ, ಮುಚ್ಚಿತು ತೆರೆಯಿತು ಅನ್ನುವಷ್ಟರಲ್ಲಿ ಅಳಿಸಿ ಹಾಕುತ್ತೆ. ಸೇರಿದ ಮೊದಲ ದಿನವೇ ಬಾಸ್ ಹೇಳಿದ್ದು ಅದನ್ನೇ, ಮುಖ ಬಂದಾಗ ಮಷೀನ್ ನಿಲ್ಸು, ಇಲ್ಲಾಂದ್ರೆ ರೆಪ್ಪೆ ತಿಂದ್ಹಾಕುತ್ತೆ, ತಿಳೀತಾ, ತಿಳೀತು ಸರ್, ಎಷ್ಟು ಚೆನ್ನಾಗಿ ತಿಳೀತು ಅಂದರೆ ಬಾಗಿಲ ಬಳಿ ಗಂಡನಿಗಾಗಿ ಕಾಯುತ್ತ ಕೂತ ಈ ಹೆಂಗಸಿನ ಉದ್ದನೆಯ ಕ್ಲೋಸಪ್‌ನಲ್ಲಿ ರೆಪ್ಪೆ ಬಿದ್ದ ಕಡೆಯೆಲ್ಲ ಪಕ್ಕದ ಫ್ರೇಮಿನ ತೆರೆದ ಕಣ್ಣು ನಾನೇ ತಂದು ಅಂಟಿಸಿದೆ, ಹೊಲಿಗೆ ಕಾಣದ ಹಾಗೆ, ಪ್ಲೇ ಮಾಡಿದರೆ ಅವಳು ಉಸಿರಾಡುತ್ತಾಳೆ, ಮುಂಗುರುಳು ಅಲ್ಲಾಡುತ್ತೆ, ಕಣ್ಣು ಮಾತ್ರ ಮುಚ್ಚಲ್ಲ, ನನಗೇ ಬೆನ್ನಲ್ಲಿ ಚಳಿ ಹತ್ತಿತು, ಸೂಪರ್ ಹಿಟ್ ಅಂದುಕೊಂಡೆ, ಅಕ್ಕ ನೋಡಬೇಕು, ಚೀರಬೇಕು, ನಾನು ಮೊಬೈಲಲ್ಲಿ ಹಿಡೀಬೇಕು. ಚೀರಿದಳು ಕಣ್ರೋ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು, ಲೋ ಟ್ರೇಲರ್ ನಿನ್ನ ಚರ್ಮ ಸುಲೀತೀನಿ ಅಂತ ಓಡಿಸಿಕೊಂಡು ಬಂದಳು, ಅಂತ ಕ್ಯಾಂಟೀನಿನಲ್ಲಿ ನಾನು ಹೇಳಿ ಎಲ್ಲರೂ ನಕ್ಕಿದ್ದು, ಟೀ ಚೆಲ್ಲಿಕೊಂಡು ನಕ್ಕಿದ್ದು — ಟ್ರೇಲರ್ ಅನ್ನೋ ಹೆಸರು ಅವಳೇ ಇಟ್ಟಿದ್ದು, ನಿಂದು ಬರೀ ಟ್ರೇಲರ್ ಕಣೋ, ಸಿನಿಮಾ ಯಾವತ್ತೂ ರಿಲೀಸ್ ಆಗಲ್ಲ.

ಟಿಣ್, ಗಂಟೆ, ಅಕ್ಕ ಕಂಪ್ಯೂಟರಿನಲ್ಲಿ ಇಟ್ಟ ಗಂಟೆ, ಹೊಡೆದಾಗೆಲ್ಲ ಕೆಲಸ ಬಿಟ್ಟು ದೂರ ನೋಡಬೇಕು, ಕಿಟಕಿಯ ಕಪ್ಪು ಪರದೆಯ ಸೀಳಿನಲ್ಲಿ ಆಚೆ ಬಿಲ್ಡಿಂಗಿನ ನೀರಿನ ಟ್ಯಾಂಕ್ ಕಾಣುತ್ತೆ, ಹತ್ತಿರದ್ದೇ ನೋಡ್ತಿದ್ರೆ ಕಣ್ಣಿನ ನರ ಮುಷ್ಟಿ ಕಟ್ಟಿದ ಹಾಗೆ ಕೂತ್ಬಿಡುತ್ತೆ ಕಣೋ, ದೂರ ನೋಡಿದ್ರೆ ಮುಷ್ಟಿ ಬಿಚ್ಚುತ್ತೆ, ಬಿಚ್ಚು ಅಂತ ತಲೆ ಹಿಡಿದು ತಿರುಗಿಸುತ್ತಿದ್ದಳು, ಟ್ಯಾಂಕಿನ ಮೇಲೆ ಕಾಗೆ, ಕಾಗೆಯ ಹಿಂದೆ ಬಿಸಿಲು, ಆ ಬಿಸಿಲಿನಲ್ಲೂ ಸಿನಿಮಾದ ಹೆಂಗಸಿನದೇ ಕಣ್ಣು, ಬೆಳ್ಳಗೆ, ಅಂಚು ಕಪ್ಪಗೆ, ತಲೆ ತಿರುಗಿಸಿದ ಕಡೆ ಬರುತ್ತೆ. ಅಕ್ಕನ ಕಾನೂನು ಒಂದೆರಡಲ್ಲ, ಸ್ಕ್ರೀನು ಕಣ್ಣಿಗಿಂತ ಚೂರು ಕೆಳಗಿರಲಿ, ಬೆಳಕು ರೂಮಿನಷ್ಟೇ ಇರಲಿ, ಮಾನಿಟರ್ ಹಿಂದೆ ಸಣ್ಣ ದೀಪ ಇರಲಿ, ಫ್ಯಾನು ಮುಖಕ್ಕೆ ಬೇಡ, ಹನಿ ಹಾಕೋ ಸೀಸೆ ಮುಟ್ಟಬೇಡ ಅದು ನಂದು — ಇದೆಲ್ಲ ಆದಮೇಲೂ ಸಂಜೆಗೆ ಅವಳ ಕಣ್ಣು ಕೆಂಡ, ಡಾಕ್ಟರು ಬೈದರಂತೆ, ಏನಮ್ಮಾ, ಸ್ಕ್ರೀನ್ ಮುಂದೆ ಕೂತ್ರೆ ರೆಪ್ಪೆ ಹೊಡೆಯೋದನ್ನೇ ಮರೀತೀಯ, ಹೊಡೀತಾ ಇರು, ಅದೇ ಔಷಧಿ. ಮರೆಯೋದನ್ನ ಜ್ಞಾಪಕ ಇಟ್ಕೊಳ್ಳೋದು ಹೇಗೋ ಟ್ರೇಲರ್, ಅದಕ್ಕೆ ಒಂದು ಉಪಾಯ ಮಾಡಿದೀನಿ, ಸಿನಿಮಾದವರು ಹೊಡೆದಾಗ ನಾನೂ ಹೊಡೀತೀನಿ, ಹೀರೋ ಹೊಡೆದ್ರೆ ನಾನೂ, ವಿಲನ್ ಹೊಡೆದ್ರೆ ನಾನೂ, ಒಂದು ಸಲ ಎಮ್ಮೆ ಜೊತೆನೂ ಹೊಡೆದಿದ್ದೆ, ಅಂತ ಬಾಯಿಗೆ ಸೆರಗಡ್ಡ ಹಿಡಿದು ನಕ್ಕಿದ್ದಳು, ಯಾರಿಗೂ ಹೇಳಬೇಡ, ನಗ್ತಾರೆ. ನನಗೊಬ್ಬನಿಗೇ ಹೇಳಿದ್ದು. ಮುಂದಿನ ಫ್ರೇಮ್, ಅದೇ ಕಣ್ಣು, ಮೂಲ ರೀಲಿನಿಂದ ಒಂದೊಂದೇ ರೆಪ್ಪೆ ತೆಗೆದು ವಾಪಸ್ ಕೂರಿಸುತ್ತಿದ್ದೇನೆ, ಕಾಲು ಮುಚ್ಚಿದ್ದು, ಅರ್ಧ ಮುಚ್ಚಿದ್ದು, ಪೂರ್ತಿ, ಆಮೇಲೆ ತೆರೆಯುವುದು, ಹೆಣಕ್ಕೆ ಕಣ್ಣು ಮುಚ್ಚಿಸಿದ ಹಾಗೆ, ಇಲ್ಲ, ಹಾಗನ್ನಬಾರದು.

ಹೆಣ ಅಂದದ್ದು ನಾನಲ್ಲ, ಅವಳ ಮಗಳು, ಈ ಕಾಯುವ ಹೆಂಗಸಿನ ಪಾತ್ರ ಮಾಡಿದಾಕೆಯ ಮಗಳು, ಸಿನಿಮಾ ತೊಳೆಯಲು ಕೊಟ್ಟವರು, ತೊಳೆದದ್ದನ್ನು ಮನೆಯಲ್ಲಿ ಹಾಕಿ ನೋಡಿ ಬಾಸ್‌ಗೆ ಫೋನ್ ಮಾಡಿದರು, ನಮ್ಮಮ್ಮನಿಗೆ ಏನ್ರೀ ಮಾಡಿದೀರಾ, ಸತ್ತವಳ ಹಾಗೆ ದಿಟ್ಟಿಸ್ತಾ ಇದಾಳೆ, ಮೊಮ್ಮಕ್ಕಳು ಹೆದರಿ ಟೀವಿಗೆ ಬೆಡ್‌ಶೀಟ್ ಹೊದಿಸಿದಾರೆ, ಅಂತ ಅತ್ತರಂತೆ. ಬಾಸ್ ಮುಖ ಇಟ್ಟಿಗೆ ಬಣ್ಣ, ಯಾರು ಕ್ಲೀನ್ ಮಾಡಿದ್ದು, ನಾನು ಸರ್, ಏನೋ ಇದು, ಮಷೀನ್ ಸರ್, ಮಷೀನ್ ತಿಂದುಬಿಡ್ತು ಸರ್, ನಿಲ್ಸೋದು ಮರೆತೆ ಸರ್, ಹೊಸ ಹುಡುಗ ಅಂತ ಬಿಟ್ಟರು, ಸರಿ, ಪಾಸ್ ಮಾಡಿದ್ದು ಯಾರು — ಪಾಸ್ ಮಾಡಿದ್ದು ಅಕ್ಕ. ಕೊನೆಯ ಚೆಕಿಂಗ್ ಅವಳದು, ಅವಳು ಸರಿ ಅಂದ ಮೇಲೆ ಬಾಸ್ ಕೂಡ ತೆರೆದು ನೋಡುವುದಿಲ್ಲ, ಅಷ್ಟು ನಂಬಿಕೆ, ಈಗ ಬಾಸ್ ಅನ್ನುವುದು, ಇಷ್ಟು ಹೊತ್ತು ಒಬ್ಬಳು ರೆಪ್ಪೆ ಹೊಡೀದೆ ಕೂತಿದಾಳೆ, ಅದು ಕಾಣ್ಲಿಲ್ಲ ಅಂದ್ರೆ ಆಯಮ್ಮನ ಕಣ್ಣು ಮುಗೀತು, ಪಾಪ, ಏನ್ಮಾಡೋದು, ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಕರೆದು ಹೇಳಿಬಿಡ್ತೀನಿ, ಚೆಕಿಂಗ್ ಬೇಡಮ್ಮ, ಮನೇಲಿರಿ ಅಂತ. ಅಕ್ಕನ ಬಲಗಣ್ಣಿಗೆ ಬ್ಯಾಂಡೇಜು, ರಜೆಯಲ್ಲಿದ್ದಾಳೆ, ಒಣಗಿ ಒಣಗಿ ಉರಿ ತಡೆಯದೆ ಉಜ್ಜಿದ್ದಾಳೆ, ಕಣ್ಣುಗುಡ್ಡೆಯ ಮೇಲೆ ಗೀರು ಬಿದ್ದಿದೆ, ವಾಸಿಯಾಗುತ್ತೆ ಅಂದಿದ್ದಾರೆ ಡಾಕ್ಟರು, ಕಣ್ಣು ವಾಸಿಯಾಗುತ್ತೆ, ಕುರ್ಚಿ?

ಬೆಳಿಗ್ಗೆ ಫೋನ್ ಮಾಡಿದ್ದಳು, ಲೋ ಟ್ರೇಲರ್, ನನ್ನ ಕುರ್ಚೀಲಿ ಕೂತಿದೀಯಂತೆ, ಹೂಂ ಅಕ್ಕಾ, ಕುರ್ಚಿ ಏರಿಸ್ಕೊಳ್ಳೋ ಕತ್ತೆ, ಕತ್ತು ನೋಯುತ್ತೆ, ಹೂಂ ಅಕ್ಕಾ, ಹಿಂದೆ ಅವಳ ಮನೆಯ ಮಿಕ್ಸಿ ತಿರುಗಿ ನಿಂತಿತು, ಲೋ, ಒಂದು ಹೇಳ್ತೀನಿ, ನಗಬೇಡ, ಆ ಹೆಂಗಸು ರೆಪ್ಪೆ ಹೊಡೆದ್ಲು ಕಣೋ. ಯಾವ ಹೆಂಗಸು ಅಕ್ಕಾ. ಅವಳೇ, ಬಾಗಿಲ ಹತ್ರ ಕೂತಿರೋಳು, ನಾನು ಕಾದೆ, ಇವಳು ಹೊಡೀಲಿ ನಾನೂ ಹೊಡೀತೀನಿ ಅಂತ ಕಾದೆ, ಕಣ್ಣಲ್ಲಿ ಮೆಣಸಿನಪುಡಿ ಹಾಕಿದ ಹಾಗೆ ಉರೀತು, ನೀರು ಬಂತು, ಆದ್ರೂ ಬಿಡ್ಲಿಲ್ಲ, ಏನೋ ಹಠ, ಕೊನೇಲಿ ಹೊಡೆದ್ಲು, ನಾನೂ ಹೊಡೆದೆ, ಅದಕ್ಕೇ ಪಾಸ್ ಮಾಡಿದ್ದು, ಸಾಹೇಬ್ರು ಇಲ್ಲ ಅಂತಾರೆ, ನೀನು ಒಂದ್ಸಲ ಹುಡುಕಿ ನೋಡೋ, ಸಿಗುತ್ತೆ. ಆಮೇಲೆ ದನಿ ಇಳಿಸಿ, ರೆಪ್ಪೆ ಹೊಡೆದು ನಕ್ಕಳು ಕಣೋ, ನನ್ನನ್ನೇ ನೋಡಿ, ಹಲ್ಲು ಕಾಣೋ ಹಾಗೆ. ಸಾಧ್ಯವೇ ಇಲ್ಲ, ನನಗೆ ಗೊತ್ತು, ಒಂದು ರೆಪ್ಪೆಯೂ ಬಿಟ್ಟಿಲ್ಲ, ನಗು ಅಂತೂ ಇಡೀ ರೀಲಿನಲ್ಲೇ ಇಲ್ಲ, ಗಂಡ ಬರುವುದಿಲ್ಲ, ದೀಪ ಆರುತ್ತೆ, ಅಷ್ಟೇ ಕಥೆ. ಆದರೂ ಹುಡುಕಿದೆ, ಅಕ್ಕ ಪಾಸ್ ಮಾಡಿದ ಪ್ರತಿಯನ್ನೇ ತೆರೆದು, ಫ್ರೇಮಿಗೊಂದು ಕಣ್ಣು, ಮೊದಮೊದಲು ನಾನು ಆ ಹೆಂಗಸನ್ನು ನೋಡುತ್ತಿದ್ದೆ, ಈಗ ಅವಳು, ಫ್ಯಾನ್ ಆರಿಸಿದೆ, ತಿರುಗುವ ಸದ್ದು ಯಾರೋ ಉಸಿರಾಡಿದ ಹಾಗಿತ್ತು, ಆರಿಸಿದ ಮೇಲೂ ಉಸಿರು ಕೇಳಿತು, ನನ್ನದೇ ಇರಬೇಕು, ಕೆನ್ನೆ ಒದ್ದೆ, ಅಳುತ್ತಿದ್ದೇನಾ, ಇಲ್ಲ, ನಾನೂ ರೆಪ್ಪೆ ಹೊಡೆದಿಲ್ಲ, ಯಾವಾಗಿನಿಂದಲೋ, ಹೊಡಿ ಅಂತ ಮನಸ್ಸು ಹೇಳಿದರೂ ರೆಪ್ಪೆ ಕೇಳುತ್ತಿಲ್ಲ, ಅವಳು ಮೊದಲು ಹೊಡೆಯಲಿ ಅಂತ ಕಾಯುತ್ತಿದೆ — ಟಿಣ್ — ದೂರ ನೋಡು, ಟ್ಯಾಂಕು, ಕಾಗೆ ಇಲ್ಲ.

ಮೊಬೈಲ್. ಅವತ್ತು ಹಿಡಿದ ವಿಡಿಯೋ, ಚೀರಾಟ ಬಂದಿರಲಿಲ್ಲ ಅಂತ ನಾನು ಒಮ್ಮೆಯೂ ತೆರೆಯದೆ ಬಿಟ್ಟದ್ದು, ತೆರೆದೆ, ಅಕ್ಕನ ತುರುಬು, ತುರುಬಿಗೆ ಸಿಕ್ಕಿಸಿದ ಪೆನ್ಸಿಲು, ಅದರಾಚೆ ಸ್ಕ್ರೀನು, ಹೆಂಗಸು, ಅಕ್ಕ ಕದಲುವುದಿಲ್ಲ, ಎಷ್ಟೋ ಹೊತ್ತು ಕದಲುವುದಿಲ್ಲ, ಒಂದು ಸಲ ಕೈ ಕಣ್ಣಿನವರೆಗೂ ಹೋಗಿ ವಾಪಸ್ ಮಡಿಲಿಗೆ ಬೀಳುತ್ತೆ, ಆಮೇಲೆ ಸಿನಿಮಾದಲ್ಲಿ ದೀಪ ಆರುತ್ತೆ, ಚಿತ್ರ ಕಪ್ಪಾಗುತ್ತ ಹೋಗುತ್ತೆ, ಹೆಂಗಸಿನ ಮುಖ ಕರಗಿ ಎರಡು ಕಣ್ಣಿನ ಬಿಳುಪು ಮಾತ್ರ ಉಳಿಯುತ್ತೆ, ಸ್ಕ್ರೀನು ಕಪ್ಪಾದಷ್ಟೂ ಕನ್ನಡಿ, ಆ ಕನ್ನಡಿಯಲ್ಲಿ, ಅವಳ ಮುಖ ಇದ್ದ ಜಾಗದಲ್ಲೇ, ಇನ್ನೊಂದು ಮುಖ ಏಳುತ್ತೆ, ಕೆಳಗಿನಿಂದ ನೀಲಿ ಬೆಳಕು ಬಿದ್ದ ಮುಖ, ಎದೆಯ ಹತ್ತಿರ ಹಿಡಿದ ಮೊಬೈಲಿನ ಬೆಳಕು, ಕುರ್ಚಿಯ ಹಿಂದೆ ಬಾಗಿ ನಿಂತ ನಾನು, ಹಲ್ಲು ಕಿರಿದು, ಇನ್ನೇನು ಚೀರುತ್ತಾಳೆ ಅಂತ ಕಾಯುತ್ತ, ಹೆಂಗಸಿನ ಕಣ್ಣಿನ ಮೇಲೆ ಸರಿಯಾಗಿ ಕೂತಿದೆ ನನ್ನ ಕಣ್ಣು, ರೆಪ್ಪೆ ಬೀಳುತ್ತೆ, ಏಳುತ್ತೆ, ನಗುತ್ತೆ. ಅಕ್ಕನ ತಲೆ ಸಣ್ಣಗೆ ಕದಲುತ್ತೆ, ಅಬ್ಬಾ ಅಂತ ಉಸಿರು ಬಿಡುತ್ತಾಳೆ, ಪಾಸ್ ಅಂತ ಒತ್ತಿ, ಕಣ್ಣು ಉಜ್ಜುತ್ತ ಎದ್ದು ಹೋಗುತ್ತಾಳೆ. ಅವಳ ಕಣ್ಣು ಸರಿಯಾಗಿಯೇ ನೋಡಿತ್ತು.

ಬಾಗಿಲಲ್ಲಿ ಬಾಸ್, ಊಟದ ಡಬ್ಬಿ ಕೈಯಲ್ಲಿ, ಅವರ ಹಿಂದೆ ಬ್ಯಾಂಡೇಜಿನ ಅಕ್ಕ, ಒಂದೇ ಕಣ್ಣಲ್ಲಿ ಹುಡುಕುತ್ತ, ಏನೋ ಟ್ರೇಲರ್, ಸಿಗ್ತೇನೋ, ಬಾಯಿಗೆ ಡೈಲಾಗು ಬರುತ್ತೆ, ಎಂಥ ಡೈಲಾಗು, ಈ ಟ್ರೇಲರ್ ಒಂದ್ಸಲ ಕಮಿಟ್ ಆದ್ರೆ ಅಂತ, ಅರ್ಧಕ್ಕೇ ಒಣಗುತ್ತೆ. ಅಕ್ಕ ಚೀರಲಿಲ್ಲ. ಕುರ್ಚಿ ಬೀಳಲಿಲ್ಲ. ಮಷೀನ್ ತಿನ್ನಲಿಲ್ಲ ಸರ್, ಮುಖ ಬಂದಾಗ ನಿಲ್ಲಿಸಿದ್ದೆ, ನಾನೇ ಅಳಿಸಿದ್ದು, ಒಂದೊಂದೇ, ಕೈಯಾರೆ, ಅಕ್ಕ ಸಿನಿಮಾದವರ ಜೊತೆ ರೆಪ್ಪೆ ಹೊಡೀತಾಳೆ ಅಂತ ಗೊತ್ತಿತ್ತು ಸರ್, ಗೊತ್ತಿದ್ದಕ್ಕೇ ಮಾಡಿದ್ದು, ಹೊಡೀದೆ ಕೂತಿದ್ದನ್ನ ನೋಡ್ತಾನೇ ಇದ್ದೆ, ಅಕ್ಕಾ ಕಣ್ಣು ಮುಚ್ಚು ಅನ್ನಬಹುದಿತ್ತು, ಅನ್ಲಿಲ್ಲ, ಇನ್ನೊಂಚೂರು ನೋಡೋಣ ಅಂತ, ಕಪ್ಪಾದ ಸ್ಕ್ರೀನಲ್ಲಿ ಅಕ್ಕನಿಗೆ ಕಂಡಿದ್ದು ನನ್ನ ರೆಪ್ಪೆ ಸರ್ — ಬೈಯಕ್ಕಾ, ಚರ್ಮ ಸುಲಿ, ಅಕ್ಕ ಹತ್ತಿರ ಬಂದು ನನ್ನ ಹಿಂದೆ ನಿಲ್ಲುತ್ತಾಳೆ, ಸ್ಕ್ರೀನು ಕಪ್ಪು, ಕಪ್ಪಿನಲ್ಲಿ ನನ್ನ ಮುಖ, ಅದರ ಮೇಲೆ ಅವಳ ಒಂದೇ ಕಣ್ಣು, ತೆರೆದದ್ದು, ನಾನು ಕಾಯುತ್ತೇನೆ, ಹೊಡಿ ಅಕ್ಕಾ, ಒಂದು ಸಲ, ತೆರೆದೇ ಇದೆ, ಒಂದೇ ಕಣ್ಣು, ತೆರೆದೇ